ನಿಮ್ಮೂರ ರೈಲು ನಿಲ್ದಾಣದ ಚರಿತ್ರೆ ಬರೆಯುವುದು ಹೇಗೆ: ಮೊದಲು ಮನುಷ್ಯರು, ಆಮೇಲೆ ಕಾಗದ

ನಾನು ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಅಪ್ಪ ತಿಪಟೂರಿನಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿದ್ದರು. ಹಳಿಗಳ ನಡುವೆ ಒಂದೇ ಮೀಟರ್ ಅಗಲವಿದ್ದ ಮೀಟರ್ ಗೇಜ್ ಕಾಲ ಅದು. ರಾತ್ರಿ ಗೂಡ್ಸ್ ಗಾಡಿ ಹಾದು ಹೋದರೆ ಅಡುಗೆಮನೆ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಟಿಣ್ ಟಿಣ್ ಅನ್ನುತ್ತಿದ್ದವು.

ಅಷ್ಟು ಹತ್ತಿರ ಇದ್ದರೂ ಆ ನಿಲ್ದಾಣದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಅದು ಅರಿವಿಗೆ ಬಂದಿದ್ದು ಪಕ್ಕದ ಮನೆಯ ಹೈಸ್ಕೂಲು ಹುಡುಗಿಯಿಂದ. ಶಾಲೆಯ ಪ್ರಾಜೆಕ್ಟಿಗೆ ಅಂತ ಬಂದವಳು, "ಆಂಟಿ, ನಿಮ್ಮ ತಂದೆ ಅಲ್ಲೇ ಕೆಲಸ ಮಾಡ್ತಿದ್ರಲ್ವಾ, ಸ್ಟೇಷನ್ ಯಾವಾಗ ಕಟ್ಟಿದ್ದು?" ಅಂತ ಕೇಳಿದಳು. ಉತ್ತರ ಹೇಳಬೇಕಾಗಿದ್ದ ಅಪ್ಪ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು.

ಅವತ್ತೇ ಹುಡುಕಲು ಶುರು ಮಾಡಿದೆ. ಆದರೆ ತಪ್ಪು ಕಡೆಯಿಂದ ಶುರು ಮಾಡಿದೆ. ಎರಡು ವರ್ಷ ಗೆಜೆಟಿಯರ್ (ಒಂದು ಸೀಮೆಯ ವಿವರಗಳ ಸರ್ಕಾರಿ ಗ್ರಂಥ), ವರದಿ, ಹಳೇ ನಕ್ಷೆ ಅಂತ ಓಡಾಡಿದೆ. ಕಾಗದ ಕೈಗೆ ಬರುವಷ್ಟರಲ್ಲಿ ಅಪ್ಪನ ಜೊತೆ ಕೆಲಸ ಮಾಡಿದ್ದ ಇಬ್ಬರು ಪಾಯಿಂಟ್ಸ್‌ಮನ್‌ಗಳು, ಅಂದರೆ ಗಾಡಿಗೆ ಹಳಿ ಬದಲಿಸಿ ಕೊಡುವವರು, ತೀರಿಹೋಗಿದ್ದರು. ನಾನು ನೋಡಿದ ಗೆಜೆಟಿಯರ್ ಇವತ್ತೂ ಅದೇ ಕಪಾಟಿನಲ್ಲಿದೆ. ಆ ಇಬ್ಬರ ನೆನಪು ಎಲ್ಲೂ ಇಲ್ಲ. ಅದಕ್ಕೇ ಹೇಳುತ್ತೇನೆ, ನೀವು ಈ ಕೆಲಸಕ್ಕೆ ಇಳಿದರೆ ಮೊದಲು ಮನುಷ್ಯರ ಹತ್ತಿರ ಹೋಗಿ. ಕಾಗದ ಕಾಯುತ್ತದೆ.

ಇನ್ನೊಂದು ಅವಸರವೂ ಇದೆ. ಅಮೃತ ಭಾರತ ಯೋಜನೆಯಲ್ಲಿ 2023ರ ಆಗಸ್ಟ್ 6ರಂದು ಒಂದೇ ದಿನ ದೇಶದ 508 ನಿಲ್ದಾಣಗಳ ಹೊಸ ಕೆಲಸಕ್ಕೆ ಅಡಿಗಲ್ಲು ಬಿತ್ತು. ಸೌಕರ್ಯ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸ ಟೈಲ್ಸ್ ಬರುವ ಮುಂಚೆ ಹಳೇ ನೆಲದ ಫೋಟೊ ಯಾರಾದರೂ ತೆಗೆದಿಟ್ಟಿರಬೇಕು. ಆ ಯಾರಾದರೂ ನೀವೇ ಆಗಬಹುದು.

ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಎಲ್ಲರೂ ಮೊದಲು ನಿವೃತ್ತ ಸ್ಟೇಷನ್ ಮಾಸ್ಟರ್ ಮನೆ ಹುಡುಕುತ್ತಾರೆ. ಮಾಸ್ಟರ್‌ಗಳಿಗೆ ವರ್ಗಾವಣೆ ಜಾಸ್ತಿ. ಒಂದೇ ನಿಲ್ದಾಣದಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದವರು ಬೇರೆಯವರು. ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಗೇಟ್ ಕೀಪರ್, ಗೂಡ್ಸ್ ಶೆಡ್ಡಿನ ಹಮಾಲರು, ಜಟಕಾ ಹೊಡೆಯುತ್ತಿದ್ದವರು, ಪ್ಲಾಟ್‌ಫಾರ್ಮಿನಲ್ಲಿ ಕಾಫಿ ಮಾರುತ್ತಿದ್ದವರು. ನಮ್ಮೂರು ಕೊಬ್ಬರಿ ಊರು. ಹಾಗಾಗಿ ಮಂಡಿ ವರ್ತಕರ ಮನೆಗಳಲ್ಲಿ ನನಗೆ ಸಿಕ್ಕಿದ್ದು ಮಾಸ್ಟರ್‌ಗಳ ಮನೆಯಲ್ಲಿ ಸಿಗಲಿಲ್ಲ. ಯಾವ ಕಾಲದಲ್ಲಿ ಮೂಟೆ ವ್ಯಾಗನ್ನಿಗೆ ಹೋಗುತ್ತಿತ್ತು, ಯಾವಾಗ ಲಾರಿಗೆ ತಿರುಗಿತು ಅನ್ನುವುದನ್ನು ಅವರು ಬಾಡಿಗೆ ಲೆಕ್ಕದ ಸಮೇತ ಹೇಳುತ್ತಾರೆ. ನಿಮ್ಮೂರಿನಲ್ಲಿ ಅದು ಹತ್ತಿ, ಶೇಂಗಾ, ಬೆಲ್ಲ, ಅದಿರು ಏನಾದರೂ ಇರಬಹುದು. ಆ ಸರಕಿನ ಜಾಡು ಹಿಡಿಯಿರಿ.

ಕ್ವಾರ್ಟರ್ಸ್‌ನಲ್ಲಿ ಸಂಸಾರ ಮಾಡಿದ ಹೆಂಗಸರನ್ನು ಮರೆಯಬೇಡಿ. ನೀರಿನ ವಿಷಯ ಅವರಿಗೇ ಗೊತ್ತು. ಎಂಜಿನ್ನಿಗೆ ನೀರು ಬಿಡುವ ಕಂಬ ಎಲ್ಲಿತ್ತು, ಬಾವಿ ಯಾವುದು, ಯಾವ ಬೇಸಿಗೆಯಲ್ಲಿ ಅದು ಬತ್ತಿತು. ಬೂದಿ ಗುಂಡಿಯಲ್ಲಿ ಅರೆಬೆಂದ ಕಲ್ಲಿದ್ದಲು ಆರಿಸಿ ಒಲೆಗೆ ಹಾಕುತ್ತಿದ್ದದ್ದನ್ನು ನನಗೆ ಹೇಳಿದ್ದು ಎಂಬತ್ತು ದಾಟಿದ ಒಬ್ಬ ಅಜ್ಜಿ. ಆ ಗುಂಡಿಯ ಜಾಗ ನನಗೆ ಯಾವ ನಕ್ಷೆಯಲ್ಲೂ ಸಿಕ್ಕಿರಲಿಲ್ಲ. ಅಜ್ಜಿ ಬಂದು ಕಾಲಲ್ಲಿ ಒತ್ತಿ ತೋರಿಸಿದರು.

ಇಸವಿ ಕೇಳಬೇಡಿ. "ಯಾವ ವರ್ಷ ತಾತ?" ಅಂದರೆ ಮಾತು ಅಲ್ಲೇ ನಿಲ್ಲುತ್ತದೆ. ಹೇಳಲಾಗಲಿಲ್ಲ ಅನ್ನುವ ಮುಜುಗರ ಅವರಿಗೆ. ಅದರ ಬದಲು ಗೊತ್ತಿರುವ ಘಟನೆಗೆ ಗಂಟು ಹಾಕಿ ಕೇಳಿ. ಗಾಂಧೀಜಿ ತೀರಿಕೊಂಡಾಗ ನಿಮಗೆ ಎಷ್ಟು ವಯಸ್ಸು, ಆಗ ಇಲ್ಲಿ ಲೈಟು ಇತ್ತಾ, ಲಾಂದ್ರ ಇತ್ತಾ? ಎಮರ್ಜೆನ್ಸಿಗೆ ಮುಂಚೆನಾ, ಆಮೇಲಾ? ರೈಲ್ವೆ ಮನೆಗಳಲ್ಲಂತೂ ಒಂದು ಗಟ್ಟಿ ಗುರುತು ಇದೆ, 1974ರ ಮೇ ತಿಂಗಳ ಮುಷ್ಕರ. ಮೇ 8ರಿಂದ 27ರವರೆಗೆ ನಡೆದದ್ದು. ನಮ್ಮವರೇ ಆದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳು. ಅವತ್ತು ಯಾರು ಕೆಲಸಕ್ಕೆ ಹೋದರು, ಯಾರು ಹೋಗಲಿಲ್ಲ, ಯಾರ ಮನೆಯಲ್ಲಿ ಒಲೆ ಹೊತ್ತಲಿಲ್ಲ ಅನ್ನುವುದು ಇನ್ನೂ ಹಸಿಯಾಗಿದೆ. ಎಚ್ಚರದಿಂದ ಕೇಳಿ. ಹೇಳಲು ಇಷ್ಟವಿಲ್ಲ ಅಂದರೆ ಬಿಟ್ಟುಬಿಡಿ. ಹೇಳಿದ್ದರಲ್ಲೂ ಹೆಸರು ಬರೆಯಬೇಕೇ ಅಂತ ಅವರನ್ನೇ ಕೇಳಿ.

ಹಳಬರು ಒಮ್ಮೊಮ್ಮೆ ಸಂವತ್ಸರದ ಹೆಸರು ಹೇಳುತ್ತಾರೆ. ಅದು ಬಂಗಾರ. ಹಳೇ ಮೈಸೂರು ಸೀಮೆಯಲ್ಲಿ 1876ರಿಂದ 1878ರ ದೊಡ್ಡ ಬರವನ್ನು ಇವತ್ತಿಗೂ ಧಾತು ಈಶ್ವರದ ಬರ ಅನ್ನುತ್ತಾರೆ. ಬೆಂಗಳೂರು ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಹೊಟ್ಟೆಗಿಲ್ಲದ ಜನರಿಗೆ ಕೂಲಿ ಕೊಡುವ ಬರಪರಿಹಾರದ ಕಾಮಗಾರಿಯಾಗಿಯೇ ನಡೆದದ್ದು. ಚನ್ನಪಟ್ಟಣ, ಮದ್ದೂರು, ಮಂಡ್ಯದ ಕಡೆಯವರು ಇದನ್ನು ಬರೆಯದೆ ಚರಿತ್ರೆ ಬರೆಯಬಾರದು ಅಂತ ನನ್ನ ಅನಿಸಿಕೆ. ಆ ಏರಿ ಎತ್ತಿದ್ದು ಹಸಿದ ಕೈಗಳು. ರೈಲು 1882ರಲ್ಲಿ ಮೈಸೂರು ಮುಟ್ಟಿತು.

ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದ ಉಪಾಯ ಸೀಮೆಸುಣ್ಣ. ಪ್ರಶ್ನೆಗಳ ಪಟ್ಟಿ ಹಿಡಿದುಕೊಂಡು ಹೋದಾಗ ಜನ ಬಿಗಿಯಾಗುತ್ತಿದ್ದರು. ಒಂದು ದಿನ ಒಬ್ಬ ನಿವೃತ್ತ ಪಾಯಿಂಟ್ಸ್‌ಮನ್ ಮನೆಗೆ ಹೋದೆ. ಬಾಗಿಲಲ್ಲೇ "ಏನಮ್ಮಾ, ಮಾಸ್ಟ್ರ ಮಗಳು ಅಲ್ವಾ ನೀನು?" ಅಂದರು. ಜಗುಲಿಯಲ್ಲಿ ಕೂತು, ಯಾರ್ಡ್ ಹೇಗಿತ್ತು ಬರೆದು ತೋರಿಸಿ ಅಂತ ಸೀಮೆಸುಣ್ಣ ಕೊಟ್ಟೆ. ಅವರು ಮೊದಲು ಎಳೆದಿದ್ದು ಕಟ್ಟಡ ಅಲ್ಲ. ಎರಡು ತುದಿಯ ಪಾಯಿಂಟುಗಳು, ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ. ಆಮೇಲೆ ಲೂಪ್ ಲೈನ್, ಗೂಡ್ಸ್ ಶೆಡ್ಡಿನ ಕವಲು, ಕೈಮರಗಳು ಅಂದರೆ ಸಿಗ್ನಲ್ ಕಂಬಗಳು. ದೀಪಕ್ಕೆ ಸೀಮೆಎಣ್ಣೆ ತುಂಬಲು ಆ ಕೈಮರ ಹತ್ತುತ್ತಿದ್ದದ್ದು, ಮಳೆಯಲ್ಲಿ ಏಣಿ ಜಾರುತ್ತಿದ್ದದ್ದು ಎಲ್ಲ ಗೆರೆಯ ಜೊತೆಗೇ ಬಂತು. ಅದೇ ಸೀಮೆಸುಣ್ಣ ಹಮಾಲರ ಕೈಗೆ ಕೊಟ್ಟರೆ ಶೆಡ್ಡಿನಿಂದ ಶುರು. ಗ್ಯಾಂಗ್‌ಮನ್ ಕೈಗೆ ಕೊಟ್ಟರೆ ಲೆವೆಲ್ ಕ್ರಾಸಿಂಗಿನಿಂದ. ಪ್ರತಿ ಚಿತ್ರದ ಫೋಟೊ ತೆಗೆಯಿರಿ, ಯಾರು, ಯಾವತ್ತು ಬರೆದರು ಅಂತ ಗುರುತು ಹಾಕಿ. ಐದು ಚಿತ್ರ ಒಟ್ಟಿಗೆ ಇಟ್ಟಾಗ ನಿಮ್ಮ ನಿಲ್ದಾಣದ ನಕ್ಷೆ ತಾನಾಗಿ ಏಳುತ್ತದೆ.

ಹೋಗುವಾಗ ಒಂದು ಹಳೇ ವಸ್ತು ತೆಗೆದುಕೊಂಡು ಹೋಗಿ. ಒಂದು ದಪ್ಪ ರಟ್ಟಿನ ಟಿಕೆಟ್ ಸಾಕು. ಕಂಪ್ಯೂಟರ್ ಚೀಟಿ ಬರುವ ಮುಂಚೆ ಎಲ್ಲ ಕಡೆ ಇದ್ದದ್ದು ಅದೇ. ಕೈಯಲ್ಲಿ ಹಿಡಿದ ಕೂಡಲೇ ತಾರೀಖು ಒತ್ತುವ ಯಂತ್ರದ 'ಟಕ್' ಸದ್ದನ್ನು ಅವರು ಬಾಯಲ್ಲೇ ಮಾಡಿ ತೋರಿಸುತ್ತಾರೆ.

ಟೋಕನ್ ಬಗ್ಗೆ ಖಂಡಿತ ಕೇಳಿ. ಒಂಟಿ ಹಳಿ ಇದ್ದ ಕಡೆ ಎದುರುಬದುರು ಗಾಡಿ ಬರದಂತೆ ಕಾಯುತ್ತಿದ್ದದ್ದು ಒಂದು ಉಕ್ಕಿನ ಗುಂಡು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಜೋಡಿ ಯಂತ್ರ ಇರುತ್ತಿತ್ತು. ತಂತಿಯಲ್ಲಿ ಎರಡೂ ಸೇರಿಕೊಂಡಿದ್ದರಿಂದ ಒಂದು ಗುಂಡು ಹೊರಗೆ ಬಂದರೆ ಅದು ಮತ್ತೆ ಯಂತ್ರಕ್ಕೆ ಬೀಳುವವರೆಗೆ ಇನ್ನೊಂದು ಬರುತ್ತಿರಲಿಲ್ಲ. ಗುಂಡು ಕೈಯಲ್ಲಿಲ್ಲದೆ ಡ್ರೈವರ್ ಹೊರಡುವಂತಿಲ್ಲ. ಬಳೆಯಂಥ ದೊಡ್ಡ ರಿಂಗಿಗೆ ಚೀಲ ಕಟ್ಟಿ, ಅದರಲ್ಲಿ ಗುಂಡು ಹಾಕಿ, ಓಡುವ ಗಾಡಿಗೆ ಕೊಡುತ್ತಿದ್ದರು. ಇದನ್ನು ಮಾಡಿದವರ ತೋಳಿನಲ್ಲಿ ರಿಂಗ್ ಬಡಿದ ಗುರುತು ಇರಬಹುದು. ಅಪ್ಪನ ಹೊಣೆ ಎಷ್ಟು ದೊಡ್ಡದಿತ್ತು ಅಂತ ನನಗೆ ತಿಳಿದದ್ದೇ ಈ ಮಾತು ಕೇಳುತ್ತಾ.

ರೆಕಾರ್ಡಿಂಗ್‌ಗೆ ಮೊಬೈಲ್ ಸಾಕು. ಅನುಮತಿ ಕೇಳಿ, ಫ್ಯಾನ್ ಆರಿಸಿ, ಮನೆಗೆ ಬಂದ ದಿನವೇ ಫೈಲಿಗೆ ಹೆಸರು ಮತ್ತು ತಾರೀಖು ಕೊಡಿ.

ಕಟ್ಟಡ ಓದುವುದು

ನಿಲ್ದಾಣಕ್ಕೆ ಹೋಗುವಾಗ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಳ್ಳಿ. ಸ್ಟೇಷನ್ ಮಾಸ್ಟರ್‌ಗೆ ಮೊದಲೇ ಹೇಳಿ, ಫೋಟೊಗೆ ಅವರ ಒಪ್ಪಿಗೆ ಪಡೆಯಿರಿ. ಅವರು ಡ್ಯೂಟಿಯಲ್ಲಿ ಇರುತ್ತಾರೆ, ಗಾಡಿ ಬರುವ ಹೊತ್ತಿನಲ್ಲಿ ಮಾತಿಗೆ ಎಳೆಯಬೇಡಿ. ಹಳಿ ಮೇಲೆ ಇಳಿಯಲೇಬೇಡಿ. 1989ರ ರೈಲ್ವೆ ಕಾಯ್ದೆ ಪ್ರಕಾರ ಅದು ಅಪರಾಧ. 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಇದೆ. ಜೀವದ ಮಾತಂತೂ ಹೇಳಬೇಕಾಗಿಲ್ಲ.

ಕಟ್ಟಡದಲ್ಲಿ ಸಿಗುವ ಪ್ರತಿ ಗುರುತೂ 'ಇದಕ್ಕಿಂತ ಹಿಂದೆ ಅಲ್ಲ' ಅಥವಾ 'ಇದಕ್ಕಿಂತ ಮುಂದೆ ಅಲ್ಲ' ಅಂತ ಮಾತ್ರ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಹೇಳಿಸಲು ಹೋಗಬೇಡಿ. ಒಳ್ಳೆಯ ಉದಾಹರಣೆ ಮಂಗಳೂರು ಹೆಂಚು. ಚಾವಣಿಯಿಂದ ಬಿದ್ದ ಒಂದು ಹೆಂಚಿನ ಮೇಲೆ ಬಾಸೆಲ್ ಮಿಷನ್, 1865 ಅಂತ ಅಚ್ಚು ಕಂಡಾಗ ನಾನು ಹಿಗ್ಗಿಹೋದೆ. ಆಮೇಲೆ ಯೋಚಿಸಿದರೆ, 1865ರಲ್ಲಿ ತಿಪಟೂರಿಗೆ ಹಳಿಯೇ ಇರಲಿಲ್ಲ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ. ಹೆಂಚು ಸುಟ್ಟ ವರ್ಷ ಅಲ್ಲ. ಆಲ್ಬುಕರ್ಕ್ ಹೆಂಚಿನ ಮೇಲಿನ 1868ಕ್ಕೂ ಇದೇ ಮಾತು.

ಹಳಿಯ ಪಕ್ಕೆಯಲ್ಲೂ ಅಚ್ಚು ಇರುತ್ತದೆ. ತಯಾರಿಸಿದ ಕಂಪನಿ, ವರ್ಷ. ಓಡುವ ದಾರಿಯ ಹಳಿ ಎಂದೋ ಬದಲಾಗಿರುತ್ತದೆ. ಹಳೆಯವು ಬೇಲಿಗೂಟ, ಶೆಡ್ಡಿನ ಕಂಬ, ಗಂಟೆಯ ತುಂಡು ಆಗಿ ಉಳಿದಿರುತ್ತವೆ. ಬೇಲಿ ಹತ್ತಿರ ನಿಂತು ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ, ಅಕ್ಷರ ಏಳುತ್ತದೆ. ಟಾಟಾ ಹೆಸರು ಕಂಡರೆ ಅದು ಜಮ್‌ಶೆಡ್‌ಪುರದಲ್ಲಿ ಉಕ್ಕು ಬರಲು ಶುರುವಾದ 1912ಕ್ಕಿಂತ ಹಿಂದಿನದ್ದಲ್ಲ. ಆದರೆ ಒಂದು ಕಡೆ ಸವೆದ ಹಳಿಯನ್ನು ಇನ್ನೊಂದು ಕಡೆಗೆ ಒಯ್ಯುವುದು ರೈಲ್ವೆಯ ಹಳೇ ಪದ್ಧತಿ. ಅದು ನಿಮ್ಮೂರಿಗೇ ಬಂದ ವರ್ಷ ಅಂತ ಬರೆಯಬೇಡಿ.

ಕುರ್ಚಿ, ಬೆಂಚು, ಗಡಿಯಾರ, ತಕ್ಕಡಿ, ಲಾಂದ್ರದ ಮೇಲಿನ ಮೂರಕ್ಷರ ಹೆಚ್ಚು ನಂಬಿಕೆಗೆ ಅರ್ಹ. ಗುಬ್ಬಿಯಿಂದ ಹರಿಹರದವರೆಗಿನ ದಾರಿ ಹಾಕಿದ್ದು ಸದರ್ನ್ ಮರಾಠಾ ಕಂಪನಿ. ಅದು 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿ ಎಂ.ಎಸ್.ಎಂ. ಆಯಿತು. ಮೈಸೂರು ಸಂಸ್ಥಾನದ ರೈಲ್ವೆ ಅಂದರೆ ಎಂ.ಎಸ್.ಆರ್. ಇವೆಲ್ಲ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಕೂಡಿಕೊಂಡವು. ಹುಬ್ಬಳ್ಳಿ ಕೇಂದ್ರದ ನೈರುತ್ಯ ರೈಲ್ವೆ ಬಂದಿದ್ದು 2003ರಲ್ಲಿ. ಬೆಂಚಿನ ಬೆನ್ನಿಗೆ ಎಂ.ಎಸ್.ಎಂ. ಅಂತ ಕೊರೆದಿದ್ದರೆ ಅದು 1908ರಿಂದ 1951ರ ನಡುವಿನದ್ದು. ಇಷ್ಟು ಸುಲಭ.

ಹಳೇ ಕಟ್ಟಡದ ನೆಲ ಪ್ಲಾಟ್‌ಫಾರ್ಮಿಗಿಂತ ತಗ್ಗಿನಲ್ಲಿದೆಯೇ ನೋಡಿ. ಮೀಟರ್ ಗೇಜ್ ಕಾಲದ ಪ್ಲಾಟ್‌ಫಾರ್ಮು ಹಲವು ಕಡೆ ಗಿಡ್ಡ. 1990ರ ದಶಕದಲ್ಲಿ ಬ್ರಾಡ್ ಗೇಜ್ ಆದಾಗ ಎತ್ತರಿಸಿದರು. ಒಂದೆರಡು ಮೆಟ್ಟಿಲು ಇಳಿದು ವೇಟಿಂಗ್ ರೂಮಿಗೆ ಹೋಗುವ ಹಾಗಿದ್ದರೆ ಆ ಬದಲಾವಣೆಯನ್ನೇ ನೀವು ತುಳಿಯುತ್ತಿದ್ದೀರಿ.

ಹೆಸರಿನ ಗೋಜಲು

ಹಳೇ ದಾಖಲೆಯಲ್ಲಿ ನಿಮ್ಮೂರ ಹೆಸರು ಇವತ್ತಿನ ಹಾಗೆ ಇರುವುದಿಲ್ಲ. ರಾಮನಗರ ಅಂತ ಹುಡುಕಿದರೆ ಸಿಗುವುದಿಲ್ಲ, ಕ್ಲೋಸ್‌ಪೇಟೆ ಅಂತ ಹುಡುಕಬೇಕು. ಪಾಂಡವಪುರ ಆಗ ಫ್ರೆಂಚ್ ರಾಕ್ಸ್. ಬಂಗಾರಪೇಟೆ ಆಗ ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನದ್ದು. ಊರಿನ ಹೆಸರು ಎಂದೋ ಬದಲಾಯಿತು. ಆದರೆ ಬಂಗಾರಪೇಟೆ ನಿಲ್ದಾಣದ ಸಂಕೇತ ಇವತ್ತಿಗೂ ಬಿ ಡಬ್ಲ್ಯು ಟಿ. ಟಿಕೆಟ್ ಬುಕ್ ಮಾಡುವಾಗ ಬೌರಿಂಗ್ ಸಾಹೇಬನ ಹೆಸರನ್ನು ದಿನಾ ಸಾವಿರಾರು ಜನ ಗೊತ್ತಿಲ್ಲದೆ ಟೈಪ್ ಮಾಡುತ್ತಾರೆ. ನಿಮ್ಮ ನಿಲ್ದಾಣದ ಸಂಕೇತವನ್ನೂ ಒಮ್ಮೆ ಬಿಡಿಸಿ ನೋಡಿ.

ಹೆಸರಿನ ಕೊನೆಗೆ 'ರೋಡ್' ಇದ್ದರೆ ಊರು ಹಳಿಯಿಂದ ದೂರ ಅಂತ ಅರ್ಥ. ನಮ್ಮ ಕಡೆಯ ಸಂಪಿಗೆ ರೋಡ್, ಹೊನ್ನವಳ್ಳಿ ರೋಡ್ ಹೀಗೇ. ರೈಲು ಊರೊಳಗೆ ಯಾಕೆ ಬರಲಿಲ್ಲ ಅನ್ನುವುದು ಕೇಳಲೇಬೇಕಾದ ಪ್ರಶ್ನೆ.

ಈಗ ಕಾಗದ

ಕರ್ನಾಟಕ ಒಂದಾಗಿದ್ದು 1956ರಲ್ಲಿ. ರೈಲು ಬಂದಾಗ ನಿಮ್ಮೂರು ಯಾರ ಆಳ್ವಿಕೆಯಲ್ಲಿತ್ತೋ ಅಲ್ಲೇ ಕಾಗದ ಇರುತ್ತದೆ. ಮೈಸೂರು ಸೀಮೆಯಾದರೆ ಬೆಂಗಳೂರಿನಲ್ಲಿರುವ ರಾಜ್ಯ ಪತ್ರಾಗಾರ, ಅದರ ಮೈಸೂರು ಶಾಖೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಾದರೆ ಮುಂಬೈ. ಬಳ್ಳಾರಿ, ಮಂಗಳೂರಿಗೆ ಚೆನ್ನೈ. ಕಲಬುರಗಿ, ಬೀದರ್ ಕಡೆಗೆ ಹೈದರಾಬಾದ್. ರಾಯಚೂರಿನವರಿಗೆ ಕೆಲಸ ಜಾಸ್ತಿ. ಮುಂಬೈ ಕಡೆಯ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ) ಮತ್ತು ಮದ್ರಾಸ್ ರೈಲ್ವೆ ಕೈಕೂಡಿಸಿದ್ದು 1871ರಲ್ಲಿ ಅಲ್ಲೇ. ಊರು ನಿಜಾಮರದ್ದು. ಮೂರು ಕಡೆ ಹುಡುಕಬೇಕು.

ಗೆಜೆಟಿಯರ್‌ನಿಂದ ಶುರು ಮಾಡಿ. ಮೈಸೂರಿಗೆ ಬಿ.ಎಲ್. ರೈಸ್ ಅವರದ್ದು, 1897ರ ಪರಿಷ್ಕೃತ ಮುದ್ರಣ. ಆಮೇಲೆ ಹಯವದನ ರಾವ್ ಅವರದ್ದು, 1927ರಿಂದ 1930. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೂವತ್ತು ವರ್ಷದಲ್ಲಿ ಏನು ಬದಲಾಯಿತು ಅಂತ ಕಾಣುತ್ತದೆ. ಸ್ಕ್ಯಾನ್ ಆದ ಪ್ರತಿಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ.

ನನಗೆ ತುಂಬಾ ಇಷ್ಟವಾದ ಕಾಗದ ಬೇರೆ. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ನಡಾವಳಿ. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಶುರುವಾದ ಸಭೆ, ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿತ್ತು. ದಿವಾನರ ಭಾಷಣದಲ್ಲಿ ಆ ವರ್ಷದ ರೈಲ್ವೆ ಕೆಲಸದ ವರದಿ ಇರುತ್ತದೆ. ಅದಕ್ಕಿಂತ ಮುಖ್ಯ, ತಾಲೂಕುಗಳ ಪ್ರತಿನಿಧಿಗಳ ಬೇಡಿಕೆಗಳೂ ಅಚ್ಚಾಗಿವೆ. ಸರ್ಕಾರ ಏನು ಮಾಡಿತು ಅನ್ನುವುದು ಎಲ್ಲ ವರದಿಯಲ್ಲೂ ಸಿಗುತ್ತದೆ. ಜನ ಏನು ಕೇಳಿದರು ಅನ್ನುವುದು ಇಂಥ ಕಡೆ ಮಾತ್ರ.

ತಾರೀಖಿನ ವಿಷಯದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೆ. ತುಮಕೂರಿಗೆ ರೈಲು ಬಂದದ್ದು 1884. ತಿಪಟೂರೂ ಅದೇ ದಾರಿ, ಹಾಗಾಗಿ ಅದೇ ವರ್ಷ ಅಂದುಕೊಂಡು ಒಂದು ಸ್ಮರಣ ಸಂಚಿಕೆಗೆ ಬರೆದುಬಿಟ್ಟೆ. ಅಚ್ಚಾಯಿತು. ಆಮೇಲೆ ತಿಳಿಯಿತು, ಆ ವರ್ಷ ದಾರಿ ಗುಬ್ಬಿಯವರೆಗೆ ಮಾತ್ರ ಬಂದಿತ್ತು. ಅಲ್ಲಿಂದ ಹರಿಹರದವರೆಗಿನ ಭಾಗ ಪೂರ್ತಿಯಾಗಿದ್ದು 1889ರಲ್ಲಿ. ರೈಲು ದಾರಿ ತುಂಡು ತುಂಡಾಗಿ ತೆರೆಯುತ್ತದೆ. ಯಾವ ತುಂಡು ಯಾವ ದಿನ ತೆರೆಯಿತು ಅಂತ ರೈಲ್ವೆ ಬೋರ್ಡ್ ಹಿಂದೆ ಪಟ್ಟಿ ಅಚ್ಚು ಹಾಕಿಸುತ್ತಿತ್ತು. ಅದನ್ನು ನೋಡದೆ ತಾರೀಖು ಬರೆಯಬೇಡಿ. ಹಳಿ ತೆರೆದ ದಿನವೂ ಈಗಿರುವ ಕಟ್ಟಡ ಎದ್ದ ದಿನವೂ ಒಂದೇ ಅಲ್ಲ. ಮೊದಲು ಶೆಡ್ಡು, ಆಮೇಲೆ ಕಟ್ಟಡ, ಆಮೇಲೆ ಅದಕ್ಕೊಂದು ರೆಕ್ಕೆ ಅಂತ ಬೆಳೆದಿರುತ್ತದೆ. ಈಗ ನನಗೊಂದು ಕಟ್ಟುನಿಟ್ಟು ಇದೆ. ಎರಡು ಬೇರೆ ಬಗೆಯ ಸಾಕ್ಷಿ ಒಪ್ಪದೆ ಇಸವಿ ಬರೆಯುವುದಿಲ್ಲ. ಒಂದು ಕಾಗದ, ಒಂದು ಕಲ್ಲು. ಅಥವಾ ಒಂದು ಕಾಗದ, ಒಂದು ನೆನಪು. ಎರಡು ಕಾಗದ ಸಾಲದು, ಒಂದು ಇನ್ನೊಂದನ್ನು ನೋಡಿ ಬರೆದಿರಬಹುದು.

ಗಾಂಧೀಜಿ ನಮ್ಮ ನಿಲ್ದಾಣದಲ್ಲಿ ಇಳಿದಿದ್ದರು ಅಂತ ಬಹಳ ಊರುಗಳಲ್ಲಿ ಹೇಳುತ್ತಾರೆ. ಸುಳ್ಳು ಅಂತ ತಳ್ಳಬೇಡಿ, ನಿಜ ಅಂತ ಬರೆಯಲೂ ಬೇಡಿ. ಅವರ ಓಡಾಟದ ದಿನವಾರು ವಿವರ ಅಚ್ಚಾಗಿದೆ. 1927ರ ಕರ್ನಾಟಕ ಪ್ರವಾಸದ ತಾರೀಖುಗಳನ್ನು ಮೊದಲು ನೋಡಿ.

ಸ್ವಾತಂತ್ರ್ಯ ಬಂದ ಮೇಲಿನ ಕಾಲಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. "ಚರಿತ್ರೆ ಕೊಡಿ" ಅಂತ ಕೇಳಿದರೆ ಏನೂ ಬರುವುದಿಲ್ಲ. ಯಾರ್ಡಿನ ನಕ್ಷೆಯ ಪ್ರತಿ, ಗೇಜ್ ಬದಲಾದ ತಾರೀಖು, ಕಟ್ಟಡದ ವರ್ಷದ ನಮೂದು ಅಂತ ದಾಖಲೆಯ ಹೆಸರು ಹಿಡಿದು ಕೇಳಿ. ನಾನು ಹೋದ ಒಂದು ಕಚೇರಿಯಲ್ಲಿ ಹಳೇ ರಿಜಿಸ್ಟರ್‌ಗಳನ್ನು ಹಿಂದಿನ ವರ್ಷವೇ ರದ್ದಿಗೆ ಹಾಕಿದ್ದರು. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಹಳೇ ರಿಜಿಸ್ಟರ್ ಕಣ್ಣಿಗೆ ಬಿದ್ದರೆ ಅವತ್ತೇ ಒಪ್ಪಿಗೆ ಕೇಳಿ ಫೋಟೊ ತೆಗೆಯಿರಿ. ನಾಳೆಗೆ ಇಡಬೇಡಿ.

ಬರೆದ ಮೇಲೆ

ಬರೆಯುವಾಗ ವರ್ಷದ ಸಾಲಿಗಿಂತ ಜಾಗದ ಸಾಲು ಚೆನ್ನ. ಟಿಕೆಟ್ ಕಿಟಕಿ, ಮಾಸ್ಟರ್ ಕೋಣೆ, ಗೂಡ್ಸ್ ಶೆಡ್, ನೀರಿನ ಕಂಬ, ಗೇಟು ಅಂತ ಒಂದೊಂದೇ ಜಾಗ ಹಿಡಿದು ಅಲ್ಲಿಗೆ ಸೇರಿದ ಜನ, ಕಾಗದ, ವಸ್ತು ಎಲ್ಲ ಒಟ್ಟಿಗೆ ತನ್ನಿ. ಓದುವವರು ನಿಮ್ಮ ಪುಸ್ತಕ ಹಿಡಿದು ನಿಲ್ದಾಣದಲ್ಲಿ ನಡೆಯುವಂತಿರಬೇಕು.

ಅಚ್ಚಿಗೆ ಮುಂಚೆ, ಮಾತು ಕೊಟ್ಟ ಪ್ರತಿಯೊಬ್ಬರಿಗೂ ಅವರ ಭಾಗ ಓದಿ ಹೇಳಿ. ಓದು ಬಾರದವರಿಗೆ ಇನ್ನೂ ನಿಧಾನವಾಗಿ. ನಾನು ಐವತ್ತು ಪ್ರತಿ ಜೆರಾಕ್ಸ್ ಮಾಡಿ ಬೈಂಡ್ ಮಾಡಿಸಿದೆ. ಮೊದಲ ಪ್ರತಿಗಳು ಮಾತು ಕೊಟ್ಟವರ ಮನೆಗೆ, ಒಂದು ಊರಿನ ಗ್ರಂಥಾಲಯಕ್ಕೆ, ಒಂದು ಆ ಹೈಸ್ಕೂಲು ಹುಡುಗಿಗೆ. ಅವಳು ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ.

ಕೊನೆಗೆ ನಾಲ್ಕು ಖಾಲಿ ಹಾಳೆ ಬಿಡಿ, ತಿದ್ದುಪಡಿಗೆ. ನನ್ನ ಪ್ರತಿಯಲ್ಲಿ ಈವರೆಗೆ ಹನ್ನೊಂದು ತಿದ್ದುಪಡಿ ಸೇರಿವೆ. ಕೊನೆಯದ್ದು ಹೋದ ತಿಂಗಳು ಅದೇ ಸೀಮೆಸುಣ್ಣದ ತಾತ ಹೇಳಿದ್ದು. ಹಮಾಲರು ಊಟಕ್ಕೆ ಕೂರುತ್ತಿದ್ದ ಹುಣಸೆಮರ ಗೂಡ್ಸ್ ಶೆಡ್ಡಿನ ಪಶ್ಚಿಮಕ್ಕೆ ಅಂತ ನಾನು ಬರೆದಿದ್ದೆ. ಅದು ಪೂರ್ವಕ್ಕಿತ್ತಂತೆ.